ಮೌನ ಸಮ್ಮತಿಯಲ್ಲ

2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವರು ಅಲ್ಲಿಗೆ ಹೋಗಬಾರದಿತ್ತೆಂದು ಅಂದಿನ ಗೃಹಸಚಿವರು ಹೇಳಿದರು. ಸಂಜೆ 6.30ರ ಬಳಿಕ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದೆಂದು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿತು. ಎರಡನ್ನೂ ಬಳಿಕ ಹಿಂಪಡೆದರು; ಆ ಮನೋಭಾವ ಮಾತ್ರ ನಮ್ಮ ಮನೆಗಳಲ್ಲಿ ಉಳಿದಿದೆ.

ಹುಣಸೂರು, ಗುರುಪುರಗಳಿಂದ ಓದಲು ಹೋಗುವ ಮಗಳಿಗೆ ‘ಕತ್ತಲಾಗುವ ಮುನ್ನ ಬಾ’ ಎನ್ನುತ್ತೇವೆ. ಮಗನಿಗೆ ಏನು ಹೇಳಿದ್ದೇವೆ? ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಹಳೆಯ ಮಾತನ್ನೇ ಅವನು ನಂಬಿದರೆ? ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನ ಪ್ರಕಾರ ಸಮ್ಮತಿಯೆಂದರೆ ಸ್ವಇಚ್ಛೆಯಿಂದ ತಿಳಿಸಿದ, ಸಂದೇಹಕ್ಕೆಡೆಯಿಲ್ಲದ ಒಪ್ಪಿಗೆ; ದೈಹಿಕವಾಗಿ ಪ್ರತಿರೋಧಿಸದಿರುವುದು ಒಪ್ಪಿಗೆಯಲ್ಲ.

ಇಂದು ಜಪಸರ ಮುಗಿದ ಮೇಲೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ತಿಳಿಹೇಳಿರಿ. ಮಗಳನ್ನು ಕಾಯುವುದಷ್ಟೇ ಅಲ್ಲ, ಮಗನನ್ನು ತಿದ್ದುವುದೂ ಹೆತ್ತವರ ಕರ್ತವ್ಯ.