‘ಐದೇ ನಿಮಿಷ’ ಎಂಬ ನೆಪ ಸಾಕು

ಶಾಲೆಗಳ ಮುಂದೆ ಅಡ್ಡಾದಿಡ್ಡಿ ನಿಲ್ಲುವ ಕಾರುಗಳಿಗೆ ಬೆಂಗಳೂರಿನ ಸಂಚಾರ ಪೊಲೀಸರು ದಂಡ ಹಾಕಲು ಮುಂದಾದಾಗಲೆಲ್ಲ ಅದೇ ತಕರಾರು ಏಳುತ್ತದೆ: ‘ಐದೇ ನಿಮಿಷ ತಾನೆ? ಮಗುವನ್ನು ಗೇಟಿನೊಳಗೆ ಬಿಟ್ಟು ಹೊರಟುಬಿಡುತ್ತೇವೆ. ಹೆತ್ತವರನ್ನು ಕಳ್ಳರಂತೆ ಕಾಣುವುದೇಕೆ?’ ಈ ಮಾತಿಗೆ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಂಬಲ ಸಿಗುತ್ತದೆ, ಶಾಲಾ ಆಡಳಿತ ಮಂಡಳಿಗಳ ಮೌನಸಮ್ಮತಿ ಸಿಗುತ್ತದೆ, ಎರಡು ದಿನ ಕಳೆದರೆ ಪೊಲೀಸರ ಕಾರ್ಯಾಚರಣೆಯೂ ತಣ್ಣಗಾಗುತ್ತದೆ. ಆ ಕಾರುಗಳ ಸಂದಿಯಲ್ಲಿ ನುಸುಳಿಕೊಂಡು ಶಾಲೆ ಸೇರಬೇಕಾದ ಮಗುವಿನ ಪರವಾಗಿ ಮಾತನಾಡುವವರು ಮಾತ್ರ ಯಾರೂ ಇರುವುದಿಲ್ಲ. ಇದನ್ನು ಪಾರ್ಕಿಂಗ್ ಜಾಗದ ಕೊರತೆ ಎಂದು ಕರೆದು ಕೈತೊಳೆದುಕೊಳ್ಳುವುದನ್ನು ಇನ್ನಾದರೂ ನಿಲ್ಲಿಸಬೇಕು. ಬೆಳಗಿನ ಎಂಟೂವರೆಗೆ ಶಾಲೆಯ ಮುಂದಿನ ರಸ್ತೆ ಯಾರದ್ದು ಎಂಬುದೊಂದೇ ಪ್ರಶ್ನೆ. ಅದು ನಡೆದು ಬರುವ ಮಗುವಿನದ್ದು. ಅದನ್ನು ಕಸಿದುಕೊಂಡವರಿಗೆ ರಿಯಾಯಿತಿ ಕೇಳುವ ಹಕ್ಕಿಲ್ಲ.

ಮೊದಲು ಈ ಐದು ನಿಮಿಷದ ಲೆಕ್ಕವನ್ನೇ ಮಾಡೋಣ. ಒಂದು ಖಾಸಗಿ ಶಾಲೆಗೆ ಬೆಳಿಗ್ಗೆ ಅರ್ಧ ಗಂಟೆಯಲ್ಲಿ 200 ಕಾರುಗಳು ಬರುತ್ತವೆ, ಒಂದೊಂದೂ ಐದೇ ನಿಮಿಷ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 1,000 ನಿಮಿಷ. ಅದನ್ನು 30 ನಿಮಿಷಕ್ಕೆ ಹಂಚಿದರೆ ಆ ಅವಧಿಯುದ್ದಕ್ಕೂ 33 ಕಾರುಗಳು ಗೇಟಿನ ಮುಂದೆ ನಿಂತೇ ಇರುತ್ತವೆ. ಒಂದೊಂದಕ್ಕೆ ಹಿಂದುಮುಂದಿನ ಜಾಗ ಸೇರಿ ಆರು ಮೀಟರ್ ಎಂದರೂ ಸುಮಾರು 200 ಮೀಟರ್ ರಸ್ತೆ ಹೋಯಿತು. ನಮ್ಮ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಅಷ್ಟು ಉದ್ದ ಎಲ್ಲಿದೆ? ಹಾಗಾಗಿಯೇ ಕಾರುಗಳು ಎರಡು ಸಾಲಾಗಿ ನಿಲ್ಲುತ್ತವೆ, ಫುಟ್‌ಪಾತ್ ಹತ್ತುತ್ತವೆ, ತಿರುವಿನಲ್ಲಿ ನಿಲ್ಲುತ್ತವೆ, ಎದುರು ಮನೆಯ ಗೇಟಿಗೆ ಅಡ್ಡ ನಿಲ್ಲುತ್ತವೆ. ಪ್ರತಿಯೊಬ್ಬರೂ ತಮ್ಮ ಐದು ನಿಮಿಷವನ್ನು ಮಾತ್ರ ಎಣಿಸುತ್ತಾರೆ. ಮಗುವಿಗೆ ಎದುರಾಗುವುದು ಅರ್ಧ ಗಂಟೆಯ ಕಾಲ ಎಲ್ಲಿಯೂ ಸಂದಿ ಬಿಡದ ಕಬ್ಬಿಣದ ಗೋಡೆ.

ಆ ಗೋಡೆಯ ಅಪಾಯ ಏನೆಂದು ಕಾರು ಓಡಿಸುವ ಯಾರಿಗೂ ವಿವರಿಸಬೇಕಿಲ್ಲ. ಒಂದನೇ ತರಗತಿಯ ಮಗುವಿನ ಎತ್ತರ ಸುಮಾರು ನಾಲ್ಕು ಅಡಿ. ಈಗ ಎಲ್ಲರೂ ಕೊಳ್ಳುತ್ತಿರುವ ಎಸ್‌ಯುವಿಗಳ ಬಾನೆಟ್ಟೇ ಹೆಚ್ಚುಕಡಿಮೆ ಆ ಮಗುವಿನ ಎದೆ, ಕುತ್ತಿಗೆಯ ಮಟ್ಟಕ್ಕೆ ಬರುತ್ತದೆ. ನಿಂತ ಎರಡು ಕಾರುಗಳ ನಡುವಿನಿಂದ ಮಗು ಹೊರಗೆ ಕಾಲಿಟ್ಟಾಗ ಅದು ಚಾಲಕನಿಗೆ ಕಾಣುವುದಿಲ್ಲ, ಮಗುವಿಗೂ ಬರುವ ವಾಹನ ಕಾಣುವುದಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಎಂಟು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಚಾಲಕನ ಕಾಲು ಬ್ರೇಕಿಗೆ ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಇದು ಹೆದರಿಸುವ ಮಾತಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿ 2025ರ ಜನವರಿಯಲ್ಲಿ ಕೊಟ್ಟ ಅಂಕಿಅಂಶದಂತೆ, 2024ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 1.80 ಲಕ್ಷ ಮಂದಿ. ಅದರಲ್ಲಿ ಶಾಲಾ ಕಾಲೇಜುಗಳ ಪ್ರವೇಶ ಮತ್ತು ನಿರ್ಗಮನದ ಜಾಗದಲ್ಲಿ ಸರಿಯಾದ ವ್ಯವಸ್ಥೆ ಇಲ್ಲದ ಕಾರಣಕ್ಕೇ 10,000 ಸಾವು. ದಿನಕ್ಕೆ ಸರಾಸರಿ 27. ಹೆದ್ದಾರಿ ಬದಿಯ ಶಾಲೆಗಳೂ ಇದರಲ್ಲಿ ಸೇರಿವೆ, ನಗರದ ಗಲ್ಲಿಗಳಲ್ಲಿ ಅಷ್ಟಿಲ್ಲ ಎಂದು ವಾದಿಸುವವರಿದ್ದಾರೆ. ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ಕಾಲು ಭಾಗಕ್ಕೆ ಇಳಿಸಿ. ಉಳಿದ ಸಾವುಗಳಲ್ಲಿ ಎಷ್ಟನ್ನು ನಿಮ್ಮ ಅನುಕೂಲಕ್ಕಾಗಿ ಒಪ್ಪಿಕೊಳ್ಳುತ್ತೀರಿ ಎಂದು ಹೇಳಿ. 10,000 ಎಂಬ ಸಂಖ್ಯೆ ಪ್ರತಿ ಶಾಲೆಯ ಗೇಟಿನ ಮೇಲೂ ಬರೆದಿರಬೇಕು.

ಕಾನೂನು ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಶಾಲೆ ಮತ್ತು ಆಸ್ಪತ್ರೆಯ ಪ್ರವೇಶದ್ವಾರದ ಬಳಿ, ಫುಟ್‌ಪಾತ್ ಮೇಲೆ, ತಿರುವಿನಲ್ಲಿ, ನಿಂತ ಇನ್ನೊಂದು ವಾಹನದ ಪಕ್ಕದಲ್ಲಿ ವಾಹನ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳೇ ಸ್ಪಷ್ಟವಾಗಿ ಹೇಳಿದ್ದವು. ಇತರರಿಗೆ ಅಪಾಯ ಅಥವಾ ಅಡಚಣೆಯಾಗುವಂತೆ ವಾಹನ ನಿಲ್ಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ನಿಷೇಧಿಸುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಪಾದಚಾರಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅಂದರೆ ಫುಟ್‌ಪಾತ್ ಮೇಲೆ ಚಕ್ರ ಹತ್ತಿಸಿ ಮಗುವನ್ನು ಶಾಲೆಗೆ ಬಿಡುವ ತಂದೆ, ಪಕ್ಕದಲ್ಲಿ ನಡೆದು ಬರುವ ಇನ್ನೊಂದು ಮಗುವಿನ ಮೂಲಭೂತ ಹಕ್ಕನ್ನು ತುಳಿಯುತ್ತಿದ್ದಾನೆ. ಮಕ್ಕಳಿಗೆ ಪೌರನೀತಿ ಕಲಿಸುವ ಕಟ್ಟಡದ ಎದುರಿಗೇ, ಮಕ್ಕಳ ಕಣ್ಣೆದುರಿಗೇ ಇದು ದಿನಕ್ಕೆರಡು ಸಲ ನಡೆಯುತ್ತದೆ. ಆ ಮಕ್ಕಳು ಮನೆಯಿಂದ ಕಲಿಯುವ ಮೊದಲ ಪೌರನೀತಿ ಪಾಠ ಇದೇ.

ಈ ವಾದದಲ್ಲಿ ಯಾರೂ ಹೆಸರೆತ್ತದ ಒಂದು ಗುಂಪಿದೆ: ನಡೆದು ಬರುವ ಮಕ್ಕಳು. ಮನೆಗೆಲಸದವರ, ಗಾರೆ ಕೆಲಸದವರ, ಗಾರ್ಮೆಂಟ್ಸ್ ಕಾರ್ಮಿಕರ ಮಕ್ಕಳು ಅದೇ ಬೀದಿಯಲ್ಲಿ ಅಕ್ಕ-ತಮ್ಮ ಕೈಹಿಡಿದು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯಡಿ 2010ರಲ್ಲಿ ಕೇಂದ್ರ ಮಾಡಿದ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಒಂದು ಕಿಲೋಮೀಟರ್ ನಡಿಗೆಯ ದೂರದಲ್ಲಿರಬೇಕು. ನೆರೆಹೊರೆಯ ಶಾಲೆ ಎಂಬ ಮಾತನ್ನು ಕೊಠಾರಿ ಆಯೋಗ 1966ರಷ್ಟು ಹಿಂದೆಯೇ ಹೇಳಿತ್ತು. ಪುಟ್ಟ ಮಗು ನಡೆದೇ ಶಾಲೆಗೆ ಬರುತ್ತದೆ ಎಂದು ಕಾನೂನು ನಂಬಿದೆ. ಆ ನಂಬಿಕೆಯ ಮೇಲೆ ನಿಂತ ದಾರಿಯನ್ನು ಹತ್ತು-ಹದಿನೈದು ಕಿಲೋಮೀಟರ್ ದೂರದಿಂದ ಬರುವ ಕಾರುಗಳಿಗೆ ಬಿಟ್ಟುಕೊಟ್ಟೆವು. ಯಾವ ಮಗುವಿನ ಮನೆಯಲ್ಲಿ ಕಾರಿಲ್ಲವೋ ಅದೇ ಮಗು ಕಾರಿಗೆ ಹೆದರಿ ರಸ್ತೆಯ ನಡುವಿಗೆ ಇಳಿಯಬೇಕು. ಇದಕ್ಕಿಂತ ದೊಡ್ಡ ಅನ್ಯಾಯ ಬೇಕೆ?

‘ರಸ್ತೆ ಅಪಾಯಕಾರಿಯಾಗಿದೆ, ಅದಕ್ಕೇ ಮಗುವನ್ನು ಕಾರಿನಲ್ಲಿ ತರುತ್ತೇವೆ’ ಎನ್ನುವವರಿಗೆ ಒಂದು ಮಾತು. ರಸ್ತೆಯನ್ನು ಅಪಾಯಕಾರಿ ಮಾಡಿದ್ದು ಯಾವುದು? ಒಬ್ಬರು ಕಾರು ತಂದರು, ಅದನ್ನು ನೋಡಿ ಹೆದರಿದ ಇನ್ನೊಬ್ಬರು ನಡೆಸುವುದನ್ನು ಬಿಟ್ಟು ತಾವೂ ಕಾರು ತಂದರು, ಈಗ ಎಲ್ಲರೂ ಸೇರಿ ರಸ್ತೆ ಸರಿಯಿಲ್ಲ ಎನ್ನುತ್ತಿದ್ದಾರೆ. ಬೆಂಗಳೂರಿನ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಈ ಸುಳಿಯನ್ನು ಇನ್ನಷ್ಟು ಕಾರುಗಳಿಂದ ಬಿಡಿಸಲು ಬರುವುದಿಲ್ಲ. ಇಬ್ಬರೂ ದುಡಿಯುವ ಮನೆಗಳ ಕಷ್ಟ ನಿಜ, ಬೆಳಗಿನ ಓಟ ನಿಜ, ಶಾಲಾ ಬಸ್ಸಿನ ಶುಲ್ಕ ದುಬಾರಿ ಎನ್ನುವುದೂ ನಿಜ. ಆದರೆ ಅದೇ ಮನೆಗಳ ಕಚೇರಿಗಳು ತಮ್ಮ ನೌಕರರಿಗೆ ವಾಹನ ನಿಲ್ಲಿಸುವ ನಿಯಮ ಹಾಕಿದರೆ ಯಾರೂ ಎದುರಾಡುವುದಿಲ್ಲ. ಮಾಲ್‌ನಲ್ಲಿ ಕಾರನ್ನು ಮೂರನೇ ನೆಲಮಾಳಿಗೆಯಲ್ಲಿ ನಿಲ್ಲಿಸಿ ನಡೆದು ಬರಲು ಬೇಸರವಿಲ್ಲ. ಶಾಲೆಯಿಂದ 200 ಮೀಟರ್ ದೂರದಲ್ಲಿ ನಿಲ್ಲಿಸಿ ಮಗುವಿನ ಕೈಹಿಡಿದು ಮೂರು ನಿಮಿಷ ನಡೆಯಿರಿ ಎಂದರೆ ಮಾತ್ರ ಅದು ದೌರ್ಜನ್ಯವಾಗುತ್ತದೆ. ಅಂಗವಿಕಲ ಮಕ್ಕಳಿಗೆ, ಕಾಯಿಲೆಯ ಮಕ್ಕಳಿಗೆ ಗೇಟಿನವರೆಗೂ ಬಿಡಲು ವಿನಾಯಿತಿ ಇರಲೇಬೇಕು. ಆ ಮಕ್ಕಳ ವಾಹನಕ್ಕೆ ಇಂದು ಜಾಗ ಸಿಗದಿರುವುದಕ್ಕೂ ಉಳಿದವರ ಐದು ನಿಮಿಷವೇ ಕಾರಣ.

ಪೋಷಕರಿಗಿಂತ ದೊಡ್ಡ ಹೊಣೆ ಶಾಲೆಗಳದ್ದು. ನಗರದ ಎಷ್ಟೋ ಖಾಸಗಿ ಶಾಲೆಗಳು ನಿಂತಿರುವುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಗುತ್ತಿಗೆಗೆ ಕೊಟ್ಟ ನಾಗರಿಕ ಸೌಲಭ್ಯ ನಿವೇಶನಗಳಲ್ಲಿ. ಅಂದರೆ ಸಾರ್ವಜನಿಕರ ನೆಲದಲ್ಲಿ. ಅಲ್ಲಿ ಕಟ್ಟಡದ ಮೇಲೆ ಕಟ್ಟಡ ಎದ್ದಿದೆ, ವಿಭಾಗದ ಮೇಲೆ ವಿಭಾಗ ತೆರೆದಿದೆ, ಶುಲ್ಕ ವರ್ಷವರ್ಷವೂ ಏರಿದೆ. ಮಕ್ಕಳನ್ನು ಇಳಿಸಿಕೊಳ್ಳಲು ಮಾತ್ರ ಒಳಗೆ ಜಾಗವಿಲ್ಲ, ಅದಕ್ಕೆ ಮತ್ತೆ ಸಾರ್ವಜನಿಕರ ರಸ್ತೆಯೇ ಬೇಕು. ಆವರಣದೊಳಗೇ ಮಕ್ಕಳನ್ನು ಇಳಿಸಿಕೊಳ್ಳಿ, ಶಾಲಾ ವಾಹನ ಬಳಸಿ ಎಂದು ಸಂಚಾರ ಪೊಲೀಸರು ಮತ್ತೆ ಮತ್ತೆ ಸಭೆ ಕರೆದು ಹೇಳಿದ್ದಾರೆ. ವಾಹನ ದಟ್ಟಣೆ ತಗ್ಗಿಸಲು ಶಾಲಾ ಸಮಯ ಬದಲಿಸುವುದನ್ನು ಚರ್ಚಿಸುವಂತೆ 2023ರಲ್ಲಿ ಹೈಕೋರ್ಟ್ ಸೂಚಿಸಿದಾಗ ಖಾಸಗಿ ಶಾಲೆಗಳ ಸಂಘಟನೆಗಳು ವಿರೋಧಿಸಿದವು. ಸಮಯ ಬದಲಿಸುವುದಿಲ್ಲ, ಗೇಟು ತೆರೆಯುವುದಿಲ್ಲ, ಬಸ್ಸು ಹೆಚ್ಚಿಸುವುದಿಲ್ಲ, ಅಡ್ಮಿಷನ್ ಕಡಿಮೆ ಮಾಡುವುದಂತೂ ಇಲ್ಲವೇ ಇಲ್ಲ. ಹಾಗಾದರೆ ಇವರು ಮಾಡುವುದಾದರೂ ಏನು? ಮಾನ್ಯತೆ ನವೀಕರಣಕ್ಕೆ ಅಗ್ನಿಸುರಕ್ಷತೆ ಮತ್ತು ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ ಕೇಳುವ ಶಿಕ್ಷಣ ಇಲಾಖೆ ಅದೇ ಕಡತದಲ್ಲಿ ಇನ್ನೊಂದು ಹಾಳೆಯನ್ನೂ ಕೇಳಲಿ: ನಿಮ್ಮ ಮಕ್ಕಳು ಹೇಗೆ ಬರುತ್ತಾರೆ, ಎಲ್ಲಿ ಇಳಿಯುತ್ತಾರೆ, ಗೇಟಿನ ಹೊರಗಿನ 100 ಮೀಟರಿಗೆ ಹೊಣೆ ಯಾರು? ಉತ್ತರವಿಲ್ಲದ ಶಾಲೆಗೆ ಹೊಸ ವಿಭಾಗ ತೆರೆಯುವ ಅನುಮತಿ ಕೊಡಬಾರದು.

ಸರ್ಕಾರವೂ ಇದರಲ್ಲಿ ಪಾಲುದಾರ. 2019ರಲ್ಲಿ ಕೇಂದ್ರ ದಂಡ ಏರಿಸಿದ ತಿಂಗಳೊಳಗೆ ರಾಜ್ಯ ಸರ್ಕಾರ ಹಲವು ದಂಡಗಳನ್ನು ಇಳಿಸಿತು. 2022ರ ಆರಂಭದಲ್ಲಿ ಟೋಯಿಂಗ್ ನಿಲ್ಲಿಸಿತು. ಟೋಯಿಂಗ್ ಸಿಬ್ಬಂದಿಯ ದಬ್ಬಾಳಿಕೆ ಸುಳ್ಳಲ್ಲ, ಆದರೆ ದಬ್ಬಾಳಿಕೆಯನ್ನು ಸರಿಪಡಿಸುವ ಬದಲು ನಿಯಮದ ಹಲ್ಲನ್ನೇ ಕಿತ್ತಿದ್ದು ತಪ್ಪು. 2023ರಲ್ಲಿ, ಮತ್ತೆ 2025ರಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟರು, ಎರಡೂ ಸಲ ನೂರು ಕೋಟಿಗೂ ಹೆಚ್ಚು ಸಂಗ್ರಹವಾಯಿತೆಂದು ಬೀಗಿದರು. ನಿಯಮ ಮುರಿದು ಕಾದು ಕುಳಿತವನಿಗೆ ಲಾಭ, ಅಂದೇ ಪೂರ್ತಿ ಕಟ್ಟಿದವನಿಗೆ ನಷ್ಟ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಸಾವಿರ ಕೋಟಿ ರೂಪಾಯಿಯ ಸುರಂಗ ರಸ್ತೆ ತೋಡಲು ಹೊರಟ ಸರ್ಕಾರಕ್ಕೆ ಪ್ರಾಥಮಿಕ ಶಾಲೆಗಳ ಮುಂದೆ ನೂರು ಮೀಟರ್ ಸರಿಯಾದ ಫುಟ್‌ಪಾತ್, ಗಟ್ಟಿ ಬೊಲಾರ್ಡ್, ಎತ್ತರಿಸಿದ ಜೀಬ್ರಾ ದಾಟುದಾರಿ ಮಾಡಲು ಹಣವಿಲ್ಲ ಎಂದರೆ ನಂಬುವುದು ಹೇಗೆ? ಈ ನಗರದಲ್ಲಿ ಯೋಜನೆಗಳೆಲ್ಲ ಕಾರಿನ ಕಿಟಕಿಯಿಂದ ನೋಡಿ ಬರೆದವು. ನಾಲ್ಕು ಅಡಿ ಎತ್ತರದ ಕಣ್ಣಿನಿಂದ ನೋಡಿ ಬರೆದ ಯೋಜನೆ ಒಂದೂ ಕಾಣುವುದಿಲ್ಲ.

ಪರಿಹಾರ ದೊಡ್ಡದೇನಲ್ಲ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಶಾಲೆಯ ಮುಂದಿನ ರಸ್ತೆಗೆ ತಡೆ ಹಾಕಿ, ಅಲ್ಲಿನ ನಿವಾಸಿಗಳು, ಆಂಬುಲೆನ್ಸ್, ವಿನಾಯಿತಿ ಪಡೆದ ಮಕ್ಕಳ ವಾಹನ ಬಿಟ್ಟು ಉಳಿದ ವಾಹನಗಳನ್ನು ನಿಲ್ಲಿಸಿ. ಇಟಲಿಯ ಬೋಲ್ಜಾನೊ ಪಟ್ಟಣ ಇದನ್ನು 1989ರಷ್ಟು ಹಿಂದೆಯೇ ಆರಂಭಿಸಿತು. ಲಂಡನ್ನಿನಲ್ಲಿ ಇಂಥ ಶಾಲಾ ಬೀದಿಗಳು ಇಂದು 500 ದಾಟಿವೆ, ಪ್ಯಾರಿಸ್ 200ಕ್ಕೂ ಹೆಚ್ಚು ಮಾಡಿದೆ. ‘ಅದು ಅಲ್ಲಿನ ಮಾತು, ಇಲ್ಲಿ ಆಗದು’ ಎನ್ನುವವರಿಗೆ ಬೆಂಗಳೂರಿನದೇ ಉದಾಹರಣೆ ಇದೆ. 2020ರ ನವೆಂಬರಿನಿಂದ ತಿಂಗಳುಗಟ್ಟಲೆ ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟ್‌ಗೆ ವಾಹನ ಬಿಡಲಿಲ್ಲ, ನಗರವೇನೂ ನಿಂತುಹೋಗಲಿಲ್ಲ. ಕಾಫಿ ಕುಡಿಯಲು, ಪುಸ್ತಕ ಕೊಳ್ಳಲು ಬರುವವರಿಗೆ ಇಡೀ ದಿನ ಬೀದಿ ಬಿಟ್ಟುಕೊಡಬಹುದಾದರೆ ಆರು ವರ್ಷದ ಮಗುವಿಗೆ ಅರ್ಧ ಗಂಟೆ ಬಿಟ್ಟುಕೊಡಲಾಗದೆ? ಪೊಲೀಸರು ಸಾಲುವುದಿಲ್ಲ ಎನ್ನುವುದೂ ಉತ್ತರವಲ್ಲ. ತಡೆ ಹಾಕಲು ಶಾಲೆಯ ಸಿಬ್ಬಂದಿ ಸಾಕು, ಮೀರಿದವರ ನಂಬರ್ ಪ್ಲೇಟ್ ಹಿಡಿಯಲು ಕ್ಯಾಮೆರಾ ಸಾಕು.

ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಈಗ ಐದು ಪಾಲಿಕೆಗಳಿವೆ. ಪ್ರತಿ ಪಾಲಿಕೆಯೂ ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಹತ್ತು ಪ್ರಾಥಮಿಕ ಶಾಲೆಗಳ ಮುಂದಿನ ರಸ್ತೆಯನ್ನು ಹೀಗೆ ಮುಚ್ಚಿ ತೋರಿಸಲಿ, ಅದರಲ್ಲಿ ಅರ್ಧದಷ್ಟು ಸರ್ಕಾರಿ ಶಾಲೆಗಳಿರಲಿ. ಶಿಕ್ಷಣ ಇಲಾಖೆ ಮಾನ್ಯತೆಯ ನಿಯಮ ಬದಲಿಸಲಿ. ಸರ್ಕಾರ ದಂಡದ ರಿಯಾಯಿತಿ ಮೇಳಗಳನ್ನು ನಿಲ್ಲಿಸಲಿ. ಪೋಷಕರು ಇದ್ಯಾವುದಕ್ಕೂ ಕಾಯಬೇಕಿಲ್ಲ. ನಾಳೆ ಬೆಳಿಗ್ಗೆ ಗೇಟಿನಿಂದ 200 ಮೀಟರ್ ದೂರದಲ್ಲೇ ಕಾರು ನಿಲ್ಲಿಸಿ, ನಿಮ್ಮ ಮಗುವಿನ ಜೊತೆ ನಡೆಯಿರಿ. ಆ ದಾರಿಯಲ್ಲಿ ಬೇರೆಯವರ ಮಗುವೂ ನಡೆಯುತ್ತದೆ.