ದಾದಿಯನ್ನು ‘ಘಜಿನಿ’ ಅನ್ನಬೇಡಿ

ನೆನಪು ಕಳೆದುಕೊಂಡವರು ಅಪರಾಧ ಪತ್ತೆ ಮಾಡುವ ಧಾರಾವಾಹಿ ಅಂದರೆ ನಮ್ಮ ಕ್ಲಾಸಿನಲ್ಲಿ ಹಲವರಿಗೆ ಇಷ್ಟ. ‘ಬ್ಲೈಂಡ್‌ಸ್ಪಾಟ್’ (2015–2020) ನಾನೂ ನೋಡಿದ್ದೇನೆ. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಬಿದ್ದಿದ್ದ ಚೀಲದೊಳಗಿಂದ ಒಬ್ಬಳು ಹೊರಬರುತ್ತಾಳೆ. ಮೈತುಂಬ ಹಚ್ಚೆ, ತನ್ನ ಹೆಸರೇ ಗೊತ್ತಿಲ್ಲ. ಆ ಹಚ್ಚೆಗಳೇ ಅಪರಾಧಗಳ ಸುಳಿವು. ಮಜವಾಗಿದೆ, ಒಪ್ಪುತ್ತೇನೆ. ಆದರೆ ಹಳೆಯದೆಲ್ಲ ಅಳಿಸಿಹೋಗಿ ಹೊಸದೆಲ್ಲ ಸರಿಯಾಗಿ ನೆನಪಿರುವ ಮರೆವು ಟಿವಿಯಲ್ಲಿ ಕಾಣುವಷ್ಟು ಮನೆಗಳಲ್ಲಿ ಕಾಣುವುದಿಲ್ಲ.

ಮನೆಗಳಲ್ಲಿ ಹೆಚ್ಚಾಗಿ ಇದರ ಉಲ್ಟಾ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗಕ್ಕೆಂದು ಮೆದುಳಿನ ಆಪರೇಷನ್ ಮಾಡಿ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಆಮೇಲೆ ಅವರಿಗೆ ಬಾಲ್ಯ ನೆನಪಿತ್ತು, ಹೊಸದಾಗಿ ಕಂಡವರ ಮುಖ ನಿಲ್ಲುತ್ತಿರಲಿಲ್ಲ. ಹದಿನೈದು ನಿಮಿಷಕ್ಕೆ ಮರೆಯುವ ‘ಘಜಿನಿ’ ನಾಯಕ, ಫೈಟಿಂಗ್ ಬಿಟ್ಟರೆ, ಇದಕ್ಕೆ ಹತ್ತಿರ.

ನಮ್ಮ ದಾದಿಯದು ವಯಸ್ಸಾದವರಿಗೆ ಬರುವ ಮರೆವಿನ ಕಾಯಿಲೆ. ಮದುವೆಯಾಗಿ ಸೂಲಿಬೆಲೆಗೆ ಬಂದ ದಿನ ಯಾವ ಸೀರೆ ಉಟ್ಟಿದ್ದರು ಅಂತ ಹೇಳುತ್ತಾರೆ. ಊಟ ಮಾಡಿ ಕೈ ತೊಳೆದ ಮೇಲೆ ‘ಖಾನಾ ಕಬ್ ದೇತೇ?’ ಅನ್ನುತ್ತಾರೆ. ನೆಂಟರಿಗೆ ಅನುಮಾನ: ‘ಅಷ್ಟು ಹಳೆಯದು ನೆನಪಿದೆ, ಈಗಿನದು ಇಲ್ಲವಾ? ನಾಟಕ!’ ಬೀದಿಯ ಹುಡುಗರಿಗೆ ಅವರು ‘ಘಜಿನಿ’.

ನಾಟಕವಲ್ಲ, ಈ ಕಾಯಿಲೆ ನಡೆಯುವುದೇ ಹಾಗೆ. ‘ನಾನ್ಯಾರು ಹೇಳಿ ನೋಡೋಣ’ ಅಂತ ಅವರಿಗೆ ಪರೀಕ್ಷೆ ಕೊಡುವವರು, ಸಲಾಂ ಹೇಳಿದ ಕೂಡಲೇ ತಮ್ಮ ಹೆಸರು ತಾವೇ ಹೇಳಿಬಿಡಲಿ. ಎರಡನೇ ಸಲ ಊಟ ಕೇಳಿದರೆ ನಾವು ವಾದ ಮಾಡುವುದಿಲ್ಲ, ಚಹಾ ಜೊತೆ ಒಂದು ಬಿಸ್ಕತ್ತು ಕೊಡುತ್ತೇವೆ.