ಕೊಟ್ಟಿಗೆಯಲ್ಲಿ ನಿಂತ ಪುಟ್ಟ ವಾಹನ

ಅಜ್ಜಂಪುರದ ಸೀಮೆಯಲ್ಲಿ ಅಂತರಘಟ್ಟೆಯ ಹೆಸರನ್ನು ಅರಿಯದವರು ವಿರಳ. ಅಲ್ಲಿಯ ದುರ್ಗಾಂಬೆಯ ಜಾತ್ರೆಗೆ ಸುತ್ತಣ ಹಳ್ಳಿಗಳ ಭಕ್ತರು ಎತ್ತಿನ ಗಾಡಿಗಳನ್ನು ಶೃಂಗರಿಸಿಕೊಂಡು ಬರುವುದು ರೂಢಿ. ಪಾನಕದ ಗಾಡಿಗಳೆಂದು ಅವುಗಳಿಗೆ ಹೆಸರು. ಮೋಟಾರು ವಾಹನಗಳು ಮನೆಮನೆಗೂ ಬಂದ ಮೇಲೂ ಈ ರೂಢಿ ಅಳಿದಿಲ್ಲ. ಗಾಡಿಯನ್ನು ಹೊರಡಿಸುವುದೆಂದರೆ ಎತ್ತುಗಳಿಗೆ ನೊಗ ಹೂಡಿದ ಮಾತ್ರಕ್ಕೆ ಮುಗಿಯುವ ಕೆಲಸವಲ್ಲ. ಗಾಲಿಯ ಪಟ್ಟಿ ಸಡಿಲವಾಗಿದೆಯೇ, ಅಚ್ಚು ಸವೆದಿದೆಯೇ, ಕಡಾಣಿ ಭದ್ರವಾಗಿದೆಯೇ ಎಂದು ಪರೀಕ್ಷಿಸಬೇಕು, ಕೀಲೆಣ್ಣೆ ಹಾಕಬೇಕು. ಹಳೆಯದನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ.

ಎತ್ತಿನ ಗಾಡಿಯನ್ನು ನಿಲ್ಲಿಸುವ ಕೊಟ್ಟಿಗೆಯಲ್ಲಿಯೇ ಇನ್ನೊಂದು ಹಳೆಯ ವಾಹನವೂ ಧೂಳು ತಿನ್ನುತ್ತ ನಿಂತಿರುವುದುಂಟು. ಅದು ತಂದೆಯವರೋ ದೊಡ್ಡಪ್ಪನವರೋ ಒಂದು ಕಾಲದಲ್ಲಿ ಓಡಿಸಿದ ಮೊಪೆಡ್. ಹಾಲಿನ ಕ್ಯಾನು, ಮೇವಿನ ಹೊರೆ, ಶಾಲೆಯ ಮಕ್ಕಳು—ಎಲ್ಲವನ್ನೂ ಹೊತ್ತು ತಿರುಗಿದ ಜೀವ! ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳು ಊರಿಗೆ ಹೋದಾಗ ಅದನ್ನು ಗುಜರಿಗೆ ಹಾಕುವುದೋ, ದುರಸ್ತಿ ಮಾಡಿಸುವುದೋ ಎಂಬ ಪ್ರಶ್ನೆ ಏಳುತ್ತದೆ. ಅಂಥ ಕುಟುಂಬಗಳಿಗಾಗಿ ಈ ವಾರದ ಮಾತು.

ಪುಟ್ಟ ವಾಹನದ ಪೂರ್ವೋತ್ತರ

ಸಣ್ಣ ಗಾಲಿಯ ಮೋಟಾರು ಬೈಕು ಆಟಿಕೆಯಾಗಿ ಹುಟ್ಟಿದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ‘ವೆಲ್‌ಬೈಕ್’ ಎಂಬ ವಾಹನವನ್ನು ರಚಿಸಿದರು. ಅದರ ಎಂಜಿನ್ 98 ಸಿ.ಸಿ.ಯದು. ಹಿಡಿಕೆಗಳನ್ನು ಮಡಚಿ, ಆಸನವನ್ನು ತಗ್ಗಿಸಿ, ಪ್ಯಾರಾಚೂಟಿನಿಂದ ಇಳಿಬಿಡುವ ಕೊಳವೆಯೊಳಗೆ ಅದನ್ನು ತುಂಬಬಹುದಾಗಿತ್ತು. ಕೊಳವೆಯ ಅಗಲ 15 ಅಂಗುಲ ಮಾತ್ರ. 1961ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ತನ್ನ ವಿನೋದ ಉದ್ಯಾನದ ಮಕ್ಕಳಿಗಾಗಿ 49 ಸಿ.ಸಿ.ಯ ಒಂದು ಕುಳ್ಳ ಬೈಕನ್ನು ಮಾಡಿತು. ಮೊಣಕಾಲು ಮಡಚಿ ಅದರ ಮೇಲೆ ಕುಳಿತವರು ಕೋತಿಯಂತೆ ಕಾಣುತ್ತಿದ್ದುದರಿಂದ ‘ಮಂಕಿ’ ಎಂಬ ಹೆಸರೇ ನಿಂತಿತು. ಇಂದು ವಿದೇಶಗಳಲ್ಲಿ ಇಂಥ ಹಳೆಯ ಬೈಕುಗಳನ್ನು ಜೋಡಿಸಿ ಓಡಿಸುವುದು ಒಂದು ದೊಡ್ಡ ಹವ್ಯಾಸ.

ನಮ್ಮಲ್ಲಿ ಆ ಸ್ಥಾನವನ್ನು ತುಂಬಿದ್ದು ಮೊಪೆಡ್. ತಿರುಪತಿಯಲ್ಲಿ ತಯಾರಾದ ಸುವೇಗ, ಪುಣೆಯಿಂದ 1972ರಲ್ಲಿ ಬಂದ ಲೂನಾ, ನಮ್ಮ ಗಡಿಗೆ ಹೊಂದಿಕೊಂಡ ಹೊಸೂರಿನಲ್ಲಿ 1980ರಲ್ಲಿ ಹುಟ್ಟಿದ ಟಿ.ವಿ.ಎಸ್. 50—ಇವು ಮಧ್ಯಮ ವರ್ಗದ ಮನೆಯಂಗಳಕ್ಕೆ ಮೊದಲ ಎಂಜಿನನ್ನು ತಂದವು. ಮೈಸೂರಿನಲ್ಲಿ 1961ರಿಂದ ಜಾವಾ ಬೈಕುಗಳನ್ನೂ 1973ರಿಂದ ಯೆಜ್ದಿ ಬೈಕುಗಳನ್ನೂ ಮಾಡಿದ ಐಡಿಯಲ್ ಜಾವಾ ಕಾರ್ಖಾನೆಯು, 250 ಸಿ.ಸಿ.ಯ ದೊಡ್ಡ ವಾಹನಗಳೊಂದಿಗೆ 60 ಸಿ.ಸಿ.ಯ ಕಿರುವಾಹನವನ್ನೂ ತಯಾರಿಸಿತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತಾದರೂ ಅದರ ಬೈಕುಗಳನ್ನು ಇಂದಿಗೂ ಪ್ರೀತಿಯಿಂದ ಸರಿಪಡಿಸಿ ಓಡಿಸುವವರು ಕರ್ನಾಟಕದಲ್ಲಿ ಇದ್ದಾರೆ. ದೊಡ್ಡಣ್ಣನಿಗೆ ದೊರೆತ ಆ ಆದರ ತಮ್ಮನಿಗೂ ಏಕೆ ದೊರೆಯಬಾರದು?

ಮೊದಲು ಎಣ್ಣೆ, ಕೊನೆಗೆ ಬಣ್ಣ

ಬಹುಕಾಲ ನಿಂತ ಎಂಜಿನನ್ನು ಕಂಡೊಡನೆ ಕಿಕ್ಕರನ್ನೋ ಪೆಡಲನ್ನೋ ಬಲವಾಗಿ ತುಳಿಯಕೂಡದು. ಪಿಸ್ಟನ್ನು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿದ್ದರೆ ರಿಂಗುಗಳು ಮುರಿದಾವು. ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಿಂದ ಕೆಲವು ತೊಟ್ಟು ಎಣ್ಣೆಯನ್ನು ಬಿಟ್ಟು, ಒಂದೆರಡು ದಿನ ತಾಳಿಕೊಂಡಿರಿ. ಅನಂತರ ಮೆಲ್ಲಗೆ ತಿರುಗಿಸಿ ನೋಡಿ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಚೆಲ್ಲದೆ ಹೊಸದನ್ನು ತುಂಬುವುದು ವ್ಯರ್ಥ. ಒಣಗಿದ ಪೆಟ್ರೋಲಿನ ಅಂಟು ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳನ್ನು ಕಟ್ಟಿಹಾಕಿರುತ್ತದೆ. ಅದನ್ನು ಬಿಚ್ಚಿ ತೊಳೆದು, ಬಳಿಕ ಪ್ಲಗ್ಗಿನಲ್ಲಿ ಕಿಡಿ ಹಾರುವುದೇ ಎಂದು ನೋಡಬೇಕು.

ಈ ಹಳೆಯ ಎಂಜಿನುಗಳ ಇನ್ನೊಂದು ಮರ್ಮವನ್ನು ಮನೆಮಂದಿಯೆಲ್ಲ ತಿಳಿದಿರುವುದು ಮೇಲು. ಇವು ಟೂ-ಸ್ಟ್ರೋಕ್ ಜಾತಿಯವು. ಇವುಗಳಲ್ಲಿ ಒಳಗಿನ ಭಾಗಗಳಿಗೆ ಎಣ್ಣೆ ತಲುಪುವುದು ಪೆಟ್ರೋಲಿನ ಜೊತೆಯಲ್ಲಿಯೇ. ಬರಿಯ ಪೆಟ್ರೋಲು ತುಂಬಿ ಓಡಿಸಿದರೆ ಎಂಜಿನ್ ಒಣಗಿ, ಕಾದು, ಕಚ್ಚಿಕೊಳ್ಳುತ್ತದೆ. 50ಕ್ಕೆ 1ರ ಪ್ರಮಾಣವಾದರೆ ಲೀಟರಿಗೆ 20 ಮಿಲಿಲೀಟರು ಎಣ್ಣೆ, 25ಕ್ಕೆ 1 ಆದರೆ 40. ನಿಮ್ಮ ವಾಹನಕ್ಕೆ ಯಾವ ಲೆಕ್ಕವೆಂಬುದು ಅದರ ಕೈಪಿಡಿಯಲ್ಲಿರುತ್ತದೆ. ಎಂಜಿನಿನ ಎರಡು ಬದಿಯ ರಬ್ಬರಿನ ಸೀಲುಗಳು ವಯಸ್ಸಾಗಿ ಬಿರಿದಿದ್ದರೂ ಇದೇ ಅಪಾಯ. ಆ ಬಿರುಕಿನಿಂದ ಹೆಚ್ಚುವರಿ ಗಾಳಿ ನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ, ಎಂಜಿನ್ ಮಿತಿಮೀರಿ ಕಾಯುತ್ತದೆ. ಬೆಲೆಯಲ್ಲಿ ಅಲ್ಪವಾದ ಸೀಲನ್ನು ಉಳಿಸಲು ಹೋಗಿ ಸಿಲಿಂಡರನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ಆಮೇಲೆ ಬ್ರೇಕು, ಕೇಬಲ್ಲು, ಟಯರು. ಹಳೆಯ ಟಯರಿನ ಅಚ್ಚು ಸವೆಯದಿದ್ದರೂ ರಬ್ಬರು ಸೀಳಿದ್ದರೆ ಅದನ್ನು ನಂಬಬೇಡಿ. ಬ್ರೇಕಿನ ಡ್ರಮ್ಮಿನೊಳಗಿನ ಧೂಳನ್ನು ಬಾಯಿಯಿಂದ ಊದಬೇಡಿ. ಹಿಂದಿನ ಕಾಲದ ಬ್ರೇಕು ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಮಾರಕ. ಒದ್ದೆಬಟ್ಟೆಯಿಂದ ಒರೆಸುವುದು ಕ್ಷೇಮ. ಬಣ್ಣದ ಸರದಿ ಎಲ್ಲಕ್ಕೂ ಕೊನೆಗೆ. ಹೊಳೆಯುವ ಬಣ್ಣ ಬಳಿದು ಬ್ರೇಕಿಲ್ಲದ ವಾಹನವನ್ನು ಬೀದಿಗೆ ತರುವುದು, ಸವೆದ ಅಚ್ಚಿನ ಗಾಡಿಗೆ ಹೂವಿನ ಹಾರ ಹಾಕಿದಂತೆಯೇ ಸರಿ.

ಕತ್ತರಿಸುವ ಮೊದಲು ಯೋಚಿಸಿ

ಹಳೆಯ ಮೊಪೆಡ್ಡಿನ ಚೌಕಟ್ಟನ್ನು ಕೊಯ್ದು, ಬೆಸುಗೆ ಹಾಕಿ, ಕುಳ್ಳ ಬೈಕೊಂದನ್ನು ಮಾಡುವ ಉತ್ಸಾಹ ಕೆಲವು ಯುವಕರಲ್ಲಿ ಕಾಣುತ್ತದೆ. ಕೈಕೆಲಸದ ಹಂಬಲ ಮೆಚ್ಚತಕ್ಕದ್ದೇ. ಆದರೆ ನೋಂದಣಿಯಾದ ವಾಹನದ ಮೂಲರೂಪವನ್ನು ಹೀಗೆ ಬದಲಾಯಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ನಿಷೇಧಿಸುತ್ತದೆ. ನೋಂದಣಿಯಿಲ್ಲದ ಮನೆಗೆಲಸದ ಬೈಕನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ಅದರ ಸಂಚಾರ ಸ್ವಂತ ತೋಟದ ಬೇಲಿಯೊಳಗೆ ಮಾತ್ರ.

ಮೂಲರೂಪವನ್ನು ಕಾಯ್ದುಕೊಂಡವರಿಗೆ ಒಂದು ಲಾಭವೂ ಉಂಟು. 2021ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮದಂತೆ, 50 ವರ್ಷ ಮೀರಿದ, ಹೆಚ್ಚಿನ ಮಾರ್ಪಾಡಿಲ್ಲದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಆ ನಿಯಮ ವಿಧಿಸಿದ ಶುಲ್ಕ 20,000 ರೂಪಾಯಿ. ಅಂಥ ವಾಹನವನ್ನು ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸಲಾಗದು. 1972ರ ಲೂನಾಕ್ಕೆ ಆ ವಯಸ್ಸು ತುಂಬಿದೆ, 1980ರ ಟಿ.ವಿ.ಎಸ್. 50ಕ್ಕೆ 2030ರಲ್ಲಿ ತುಂಬುತ್ತದೆ. ಆದುದರಿಂದ ಟ್ರಂಕಿನ ತಳದಲ್ಲಿರುವ ನೋಂದಣಿ ಪುಸ್ತಕವನ್ನು ಮೊದಲು ಹುಡುಕಿ ತೆಗೆದಿಡಿ.

ಇನ್ನು ಮಕ್ಕಳ ವಿಷಯ. ವಾಹನ ಚಿಕ್ಕದು, ಮಗು ಓಡಿಸಲಿ ಎಂಬ ಮಾತು ಸಲ್ಲದು. 50 ಸಿ.ಸಿ. ಮೀರದ ವಾಹನಕ್ಕೂ 16 ವರ್ಷ ತುಂಬಿರಬೇಕು, ಪರವಾನಗಿ ಇರಬೇಕು. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಕರು ಕಾಯಿದೆ ಮೀರಿ ವಾಹನ ಓಡಿಸಿದರೆ ಪೋಷಕರಿಗೆ 3 ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಒದಗಬಹುದು. ಕಾಯಿದೆಯ ಮಾತು ಹಾಗಿರಲಿ, ದೊಡ್ಡ ಗಾಲಿ ಹಾರಿ ದಾಟುವ ಗುಂಡಿಯಲ್ಲಿ ಸಣ್ಣ ಗಾಲಿ ಹೂತು ನಿಲ್ಲುತ್ತದೆ. ಗಾಲಿಗಳ ನಡುವಣ ಅಂತರ ಕಡಿಮೆಯಾದ ಬೈಕಿನಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಹಿಂದಿನ ಗಾಲಿ ಮೇಲೇಳುತ್ತದೆ. ಹೆಲ್ಮೆಟ್ಟಿಲ್ಲದೆ ಅಂಗಳವನ್ನೂ ಸುತ್ತಬಾರದು.

ಹಾಗಾದರೆ ಮಕ್ಕಳಿಗೆ ಇದರಲ್ಲಿ ಪಾಲಿಲ್ಲವೆ? ಉಂಟು. ಪ್ಲಗ್ಗನ್ನು ಉಜ್ಜುವುದು, ಬಿಚ್ಚಿದ ಬೋಲ್ಟುಗಳನ್ನು ಸಾಲಾಗಿ ಜೋಡಿಸಿಡುವುದು, ಯಾವುದರ ನಂತರ ಯಾವುದು ಎಂದು ಬರೆದಿಡುವುದು ಅವರ ಕೆಲಸವಾಗಲಿ. ಪಕ್ಕದಲ್ಲಿ ಒಂದು ಸ್ಟೂಲು ಹಾಕಿ ತಾತನವರನ್ನು ಕೂರಿಸಿ. ಆ ಎಂಜಿನ್ ಯಾವ ಏರಿನಲ್ಲಿ ಮುನಿಯುತ್ತಿತ್ತು, ಯಾವ ಮಳೆಯಲ್ಲಿ ಕೈಕೊಟ್ಟಿತು ಎಂಬುದನ್ನು ಕೈಪಿಡಿ ಹೇಳದು, ಅವರು ಹೇಳಬಲ್ಲರು. ಬಿಡಿಭಾಗ ಇಂದಲ್ಲದಿದ್ದರೆ ನಾಳೆ ದೊರೆತೀತು. ಹೇಳುವ ಹಿರಿಯರು ಎದುರಿಗಿರುವಾಗಲೇ ಕೆಲಸಕ್ಕೆ ತೊಡಗುವುದು ಲೇಸು.